ಸಿಲಿಕಾನ್ ಟ್ಯೂಬ್ ತೆರೆಯುವ ಮುಂಚೆ ಮಾಡಬೇಕಾದ ಕೆಲಸ

ಬಾತ್‌ರೂಮಿನ ವಾಶ್ ಬೇಸಿನ್ ಗೋಡೆಗೆ ತಾಗುವ ಕಡೆ ಸಂದಿ ಮುಚ್ಚಲು ನಾನು ಮೊದಲ ಸಲ ಹಾಕಿದ ಸಿಲಿಕಾನ್, ಅಂದರೆ ಗಟ್ಟಿಯಾದ ಮೇಲೆ ರಬ್ಬರಿನಂತಾಗುವ ಅಂಟು, ಮೂರೇ ತಿಂಗಳಿಗೆ ಎದ್ದು ಬಂತು. ಒಂದು ತುದಿ ಬಿಟ್ಟಿತ್ತು. ಹಿಡಿದು ಎಳೆದರೆ ಇಡೀ ಪಟ್ಟಿ ರಬ್ಬರ್ ದಾರದ ಹಾಗೆ ಕೈಗೆ ಬಂದುಬಿಟ್ಟಿತು. ಹಿಂಬದಿಯಲ್ಲಿ ಕಪ್ಪು ಬೂಷ್ಟು. ಅದರ ಕೆಳಗೆ ಹಳೇ ಸಿಲಿಕಾನಿನ ತೆಳು ಪದರ ಹಾಗೇ ಇತ್ತು. ಹಳೆಯದನ್ನು ಪೂರ್ತಿ ತೆಗೆಯದೆ ಅದರ ಮೇಲೇ ಬಳಿದಿದ್ದೆ. ಗಟ್ಟಿಯಾದ ಸಿಲಿಕಾನ್ ಮೇಲೆ ಹೊಸ ಸಿಲಿಕಾನ್ ಕೂಡ ಸರಿಯಾಗಿ ಹಿಡಿಯುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ.

ಎರಡನೇ ಸಲ ಹಾಕಲು ಹತ್ತು ನಿಮಿಷ ಸಾಕಾಯಿತು. ಹಳೆಯದನ್ನು ತೆಗೆಯಲು ಅರ್ಧ ದಿನ ಹಿಡಿಯಿತು. ಬ್ಲೇಡನ್ನು ಮಲಗಿಸಿ ಹಿಡಿದು ಗೋಡೆಯ ಕಡೆ ಒಂದು ಸಲ, ಬೇಸಿನ್ ಕಡೆ ಒಂದು ಸಲ ಕೊಯ್ದೆ. ದಪ್ಪ ಭಾಗ ಸುಲಭವಾಗಿ ಬಂತು. ಕಷ್ಟ ಇರುವುದು ಕಣ್ಣಿಗೆ ಕಾಣದ ಪದರದ ಹತ್ತಿರ. ಅದನ್ನು ಬೆರಳಿನಿಂದಲೇ ಹುಡುಕಬೇಕು. ಬರೀ ಟೈಲ್ ಮೇಲೆ ಬೆರಳು ಸರ್ರನೆ ಜಾರುತ್ತದೆ, ಸಿಲಿಕಾನ್ ಉಳಿದ ಕಡೆ ತಡೆದು ನಿಲ್ಲುತ್ತದೆ. ಅನುಮಾನ ಬಂದ ಕಡೆಯೆಲ್ಲ ಮತ್ತೆ ಕೆರೆದೆ. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಸಂದಿಯ ಮೇಲ್ಭಾಗ ಒಣಗಿದ ಹಾಗೆ ಕಂಡರೂ ಒಳಗೆ ತೇವ ಇರುತ್ತದೆ. ಈ ಒಂದು ರಾತ್ರಿ ಕಾಯುವುದನ್ನು ದಯವಿಟ್ಟು ತಪ್ಪಿಸಬೇಡಿ.

ಯಾವುದನ್ನು ಕೊಳ್ಳಬೇಕು ಅನ್ನುವುದಕ್ಕೆ ನಾನು ಎರಡೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಅಲ್ಲಿ ನೀರು ಬೀಳುತ್ತದಾ? ಮೇಲೆ ಪೇಂಟ್ ಹೊಡೆಯಬೇಕಾ? ನೀರಿದ್ದರೆ ಸಿಲಿಕಾನ್. ಪೇಂಟ್ ಇದ್ದರೆ ಅಕ್ರಿಲಿಕ್ (ಇದೂ ಟ್ಯೂಬಿನಲ್ಲೇ ಸಿಗುವ, ಸಂದಿ ತುಂಬುವ ಪೇಸ್ಟ್), ಯಾಕೆಂದರೆ ಮಾಮೂಲಿ ಸಿಲಿಕಾನ್ ಮೇಲೆ ಬಣ್ಣ ನಿಲ್ಲುವುದಿಲ್ಲ. ಅಕ್ರಿಲಿಕ್ ಒಣಗುವಾಗ ಸ್ವಲ್ಪ ಕುಗ್ಗುತ್ತದೆ, ಹಾಗಾಗಿ ಬಾಗಿಲ ಚೌಕಟ್ಟಿನ ಅಗಲ ಸಂದಿಗೆ ನಾನು ಎರಡು ಸಲ ಹಾಕಿದೆ.

ಸಿಲಿಕಾನಿನಲ್ಲೂ ಎರಡು ಜಾತಿ. ವಿನೆಗರ್ ವಾಸನೆ ಬರುವುದು ಅಸಿಟಾಕ್ಸಿ. ಗಟ್ಟಿಯಾಗುವಾಗ ಅದರಿಂದ ಅಸಿಟಿಕ್ ಆಮ್ಲ ಹೊರಬರುತ್ತದೆ. ಗಾಜು, ಹೊಳಪಿನ ಟೈಲ್‌ಗೆ ಅದು ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ತಾಮ್ರ, ಕನ್ನಡಿಯ ಹಿಂಬದಿ, ಮಾರ್ಬಲ್, ಸಿಮೆಂಟ್ ಇವುಗಳಿಗೆ ಒಳ್ಳೆಯದಲ್ಲ. ಅಲ್ಲಿಗೆ ಎರಡನೇ ಜಾತಿ, ಅಂದರೆ ಈ ಆಮ್ಲ ಬಿಡದ ನ್ಯೂಟ್ರಲ್ ಬೇಕು. ಗ್ರಾನೈಟ್, ಮಾರ್ಬಲ್ ಪಕ್ಕದಲ್ಲಿ ಹಾಕುವುದಾದರೆ ಟ್ಯೂಬ್ ಮೇಲೆ ಕಲ್ಲಿಗೆ ಕಲೆ ಮಾಡುವುದಿಲ್ಲ ಅಂತ ಬರೆದಿದೆಯಾ ನೋಡಿ. ಕೆಲವು ಸಿಲಿಕಾನಿನ ಎಣ್ಣೆ ಕಲ್ಲಿನೊಳಗೆ ಇಳಿದು ಅಂಚಿನುದ್ದಕ್ಕೂ ಕಪ್ಪು ಗೆರೆ ಮೂಡಿಸುತ್ತದೆ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದು ಕಷ್ಟ. ಹಾಗೇ ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ. ಅವಧಿ ಮೀರಿದ ಸಿಲಿಕಾನ್ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯಬಹುದು.

ಬೇಸಿನ್ನಿನ ಒಂದು ಮೂಲೆಯಲ್ಲಿ ಸಂದಿ ಆಳವಾಗಿತ್ತು. ಸುಮ್ನೆ ತುಂಬಿಸಿಬಿಡೋಣ ಅನ್ನಿಸಿತು, ಆದರೆ ಈ ಸಲ ಬ್ಯಾಕರ್ ರಾಡ್ ತಂದಿದ್ದೆ. ಅದು ಫೋಮಿನ ಉದ್ದನೆಯ ಹಗ್ಗ. ಸಂದಿಗಿಂತ ಸ್ವಲ್ಪ ದಪ್ಪದ್ದನ್ನು ಒಳಗೆ ಒತ್ತಿ ಕೂರಿಸಬೇಕು. ಟ್ಯೂಬ್ ಉಳಿಯುವುದು ಇದರ ಸಣ್ಣ ಲಾಭ. ದೊಡ್ಡದು ಬೇರೆ ಇದೆ. ಸಿಲಿಕಾನ್ ಎದುರುಬದುರು ಎರಡು ಬದಿಗೆ ಮಾತ್ರ ಅಂಟಿದ್ದರೆ ಸಂದಿ ಅಗಲವಾದಾಗ ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ತಳಕ್ಕೂ ಅಂಟಿಬಿಟ್ಟರೆ ಎಳೆಯಲು ಜಾಗವಿಲ್ಲದೆ ಹರಿಯುತ್ತದೆ. ತಳದಲ್ಲಿ ಈ ಫೋಮ್ ಇದ್ದರೆ ಸಿಲಿಕಾನ್ ಅದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಬಾತ್‌ಟಬ್ ಅಂಚಿಗೆ ಹಾಕುವವರು ಮೊದಲು ಟಬ್ಬಿಗೆ ನೀರು ತುಂಬಿಸುವುದೂ ಇದಕ್ಕೇ. ಭಾರಕ್ಕೆ ಟಬ್ ಕೆಳಗಿಳಿದು ಸಂದಿ ಪೂರ್ತಿ ಅಗಲವಾಗಿರುವಾಗಲೇ ಹಾಕಿದರೆ ಮುಂದೆ ಎಳೆತ ಜಾಸ್ತಿ ಬೀಳುವುದಿಲ್ಲ.

ಹಾಕುವಾಗ ಸಂದಿಯ ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿದೆ. ಟ್ಯೂಬಿನ ಮೂತಿಯನ್ನು, ಅಂದರೆ ನಾಝಲನ್ನು ಓರೆಯಾಗಿ, ಸಂದಿಗಿಂತ ಚಿಕ್ಕದಾಗಿ ಕತ್ತರಿಸಿದೆ. ಸಣ್ಣದಾದರೆ ಮತ್ತೆ ಕತ್ತರಿಸಬಹುದು, ದೊಡ್ಡದಾದರೆ ಏನೂ ಮಾಡುವ ಹಾಗಿಲ್ಲ ಅಲ್ವಾ? ಟ್ಯೂಬನ್ನು ಕೂರಿಸಿ ಒತ್ತುವ ಗನ್ನಿನ ಟ್ರಿಗರ್ ಒಂದೇ ಸಮನೆ ಒತ್ತುತ್ತಾ ಇಡೀ ಉದ್ದವನ್ನು ನಿಲ್ಲಿಸದೆ ಎಳೆದೆ. ತಕ್ಷಣ ಸೋಪು ನೀರು ಸವರಿದ ಬೆರಳಿನಿಂದ ಒಂದೇ ಸಲ ನೇವರಿಸಿ, ಹಸಿ ಇರುವಾಗಲೇ ಟೇಪ್ ಎಳೆದೆ. ಐದು ಹತ್ತು ನಿಮಿಷದಲ್ಲಿ ಕೆನೆ ಕಟ್ಟಲು ಶುರುವಾಗುತ್ತದೆ. ಆಮೇಲೆ ಟೇಪ್ ತೆಗೆದರೆ ಅಂಚು ಹರಿದು ಬರುತ್ತದೆ. 24 ಗಂಟೆ ಆ ಬೇಸಿನ್ ಕಡೆಗೆ ಯಾರನ್ನೂ ಬಿಡಲಿಲ್ಲ.

ಅದು ನಿಂತ ಮೇಲೆ ಧೈರ್ಯ ಬಂದು ಕಿಟಕಿಗಳಿಗೂ ಕೈ ಹಾಕಿದೆ. ಚೌಕಟ್ಟು ಗೋಡೆಗೆ ಸೇರುವ ಕಡೆ ಹಾಕುತ್ತಾ ಹೋದಾಗ ಕೆಳ ಅಂಚಿನಲ್ಲಿ ಎರಡು ಸಣ್ಣ ಸೀಳುಗಳು ಕಂಡವು. ನಾಝಲ್ ಅಲ್ಲಿಗೂ ಹೋಗಿತ್ತು, ಆದರೆ ಒತ್ತುವ ಮುಂಚೆ ನಿಲ್ಲಿಸಿದೆ. ಒಂದು ಲೋಟ ನೀರನ್ನು ಕಿಟಕಿಯ ಹಳಿಗೆ ಸುರಿದು ನೋಡಿದೆ. ನೀರೆಲ್ಲ ಅದೇ ಸೀಳುಗಳಿಂದ ಹೊರಗೆ ಹರಿಯಿತು. ಅವನ್ನು ಮುಚ್ಚಿದ್ದರೆ ಮೊದಲ ಮಳೆಗೇ ನೀರು ಒಳಗೆ ಬರುತ್ತಿತ್ತು. ಅವೆರಡನ್ನು ಹಾಗೇ ಬಿಟ್ಟು, ಉಳಿದದ್ದನ್ನು ಮುಗಿಸಿದೆ.