ಹೆಸರನ್ನು ಕೊನೆಗೆ ಓದಿ: ಹಳೆಯ ಕ್ಯಾಮೆರಾ ಅಸಲಿಯೋ ನಕಲಿಯೋ ತಿಳಿಯುವ ಬಗೆ

ಹಳೆಯ ಕ್ಯಾಮೆರಾ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಮೇಲ್ತಟ್ಟೆಯಲ್ಲಿ ಕೆತ್ತಿದ ಹೆಸರಿನ ಕಡೆಗೆ ಓಡುತ್ತದೆ. ನಾನು ಅದನ್ನು ಕೊನೆಗೆ ಓದುತ್ತೇನೆ. ಹೆಸರನ್ನು ಅಳಿಸಿ ಬೇರೊಂದನ್ನು ಕೆತ್ತುವುದು ಒಂದು ಮಧ್ಯಾಹ್ನದ ಕೆಲಸ. ಒಳಗಿನ ಯಂತ್ರವನ್ನು ಬದಲಿಸುವ ಶ್ರಮಕ್ಕೆ ನಕಲು ಮಾಡುವವರು ಕೈ ಹಾಕುವುದು ತೀರಾ ಅಪರೂಪ. ಕೊಳ್ಳುವವರು ನೋಡುವ ಜಾಗವನ್ನಷ್ಟೇ ಅವರು ತಿದ್ದುತ್ತಾರೆ. ಹಾಗಾಗಿ ಯಾರೂ ನೋಡದ ಜಾಗದಿಂದಲೇ ಪರೀಕ್ಷೆ ಶುರುವಾಗಬೇಕು. ಒಂದು ಭೂತಗನ್ನಡಿ, ಒಂದು ಸಣ್ಣ ಟಾರ್ಚ್ ಇದ್ದರೆ ಸಾಕು.

ಅತಿ ಹೆಚ್ಚು ನಕಲಿಗೆ ಗುರಿಯಾದ ಲೈಕಾದಿಂದಲೇ ಹೇಳುತ್ತೇನೆ. ಜರ್ಮನಿಯ ವೆಟ್ಸ್‌ಲಾರ್‌ನ ಲೈಟ್ಸ್ ಕಂಪನಿ 1932ರಲ್ಲಿ ರೇಂಜ್‌ಫೈಂಡರ್, ಅಂದರೆ ದೂರ ಅಳೆದು ಫೋಕಸ್ ಹೊಂದಿಸುವ ಸಾಧನ, ಇರುವ ಲೈಕಾ 2 ಅನ್ನು ಹೊರತಂದಿತು. ಅದರ ಪಡಿಯಚ್ಚಿನಂತಿರುವ ಸೋವಿಯತ್ ಕ್ಯಾಮೆರಾಗಳಲ್ಲಿ ಫೆಡ್ 1934ರಿಂದ ಖಾರ್ಕಿವ್‌ನಲ್ಲಿ, ಜೋರ್ಕಿ 1948ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್‌ನಲ್ಲಿ ತಯಾರಾದವು. ಇವು ದೊಡ್ಡ ಸಂಖ್ಯೆಯಲ್ಲಿ ಬಂದ ಕ್ಯಾಮೆರಾಗಳು. ಮೇಲಿನ ಸಿರಿಲಿಕ್ ಅಕ್ಷರಗಳನ್ನು ಉಜ್ಜಿ ತೆಗೆದು ‘ಲೈಕಾ’ ಎಂದು ಕೆತ್ತಿ, ಹದ್ದು, ಒಲಿಂಪಿಕ್ ಬಳೆಗಳು, ಜರ್ಮನ್ ವಾಯುಪಡೆಯ ಹೆಸರು ಹೀಗೆ ಏನನ್ನಾದರೂ ಸೇರಿಸಿದರೆ ಅಪರೂಪದ ವಸ್ತು ಸಿದ್ಧ!

ಇದನ್ನು ಬಯಲಿಗೆಳೆಯಲು ಲೆನ್ಸನ್ನು ತಿರುಗಿಸಿ ಬಿಚ್ಚಿ. ಕ್ಯಾಮೆರಾದ ಬಾಯಿಯೊಳಗೆ, ಮೇಲಂಚಿನ ಬಳಿ, ಲೆನ್ಸಿನ ಹಿಂಭಾಗಕ್ಕೆ ಒತ್ತಿಕೊಳ್ಳುವ ಸಣ್ಣ ತೋಳೊಂದು ಕಾಣುತ್ತದೆ. ಲೆನ್ಸ್ ಹಿಂದೆ ಮುಂದೆ ಸರಿದಂತೆ ರೇಂಜ್‌ಫೈಂಡರಿಗೆ ದೂರವನ್ನು ತಿಳಿಸುವುದು ಇದೇ. ಅಸಲಿ ಲೈಕಾದಲ್ಲಿ ಆ ತೋಳಿನ ತುದಿಗೆ ದುಂಡನೆಯ ಪುಟ್ಟ ಚಕ್ರವಿರುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಸವರಿದರೆ ಅದು ಉರುಳುತ್ತದೆ. ಫೆಡ್ ಮತ್ತು ಜೋರ್ಕಿಗಳಲ್ಲಿ ಚಕ್ರವಿಲ್ಲ, ಮೂಗಿನಂತೆ ಚೂಪಾದ ಗಟ್ಟಿ ಲೋಹದ ತುಂಡಿದೆ. ಮೇಲೆ ಎಷ್ಟೇ ಅಂದದ ಕೆತ್ತನೆಯಿದ್ದರೂ ಒಳಗೆ ಈ ಮೂಗು ಕಂಡರೆ ಮುಂದಿನ ಮಾತೇ ಬೇಡ.

ಚಿನ್ನದ ಬಣ್ಣದ ಲೈಕಾ ಎಂದರೆ ನನಗೆ ತಕ್ಷಣ ಅನುಮಾನ. ಲೈಟ್ಸ್ ಕಂಪನಿ 1930ರ ಆಸುಪಾಸಿನಲ್ಲಿ ‘ಲಕ್ಸಸ್’ ಎಂಬ ಚಿನ್ನದ ಲೇಪದ ಕ್ಯಾಮೆರಾಗಳನ್ನು ಮಾಡಿದ್ದು ನಿಜ. ಆದರೆ ಅವು ಲೈಕಾ 1 ಮಾದರಿಯವು, ಅವುಗಳ ಒಡಲಲ್ಲಿ ರೇಂಜ್‌ಫೈಂಡರೇ ಇರಲಿಲ್ಲ. ನನ್ನ ಮುಂದೆ ತಂದಿಟ್ಟ ಒಂದು ಚಿನ್ನದ ಕ್ಯಾಮೆರಾಕ್ಕೆ ಹಾವಿನ ಚರ್ಮದ ಹೊದಿಕೆ, ಮುಂಭಾಗದಲ್ಲಿ ರೇಂಜ್‌ಫೈಂಡರ್ ಇದೆಯೆಂದು ಸಾರುವ ಮೂರು ಕಿಟಕಿಗಳು, ಮೇಲೆ ವಾಯುಪಡೆಯ ಹೆಸರು ಎಲ್ಲವೂ ಇದ್ದವು. ಟಾರ್ಚನ್ನು ಓರೆಯಾಗಿ ಹಿಡಿದಾಗ ‘ಲೈಕಾ’ ಎಂಬ ಬರಹದ ಸುತ್ತ ಲೋಹ ತುಸು ತಗ್ಗಾಗಿತ್ತು. ಆ ತಗ್ಗಿನೊಳಗೆ ಹಿಂದಿನ ಅಕ್ಷರಗಳ ಗೀರು ಇನ್ನೂ ಉಳಿದಿತ್ತು. ನನಗೆ ಸಂಕಟವಾದದ್ದು ಅದು ಲೈಕಾ ಅಲ್ಲವೆಂದು ಅಲ್ಲ. ತನ್ನದೇ ಚರಿತ್ರೆಯಿದ್ದ ಒಂದು ಒಳ್ಳೆಯ ಜೋರ್ಕಿಯನ್ನು ಹೀಗೆ ಕೆರೆದು ಹಾಳು ಮಾಡಿದ್ದರಲ್ಲ ಎಂದು.

ಯುದ್ಧಕಾಲದ ಅಸಲಿ ಸೇನಾ ಲೈಕಾಗಳೂ ಇವೆ. ಅವುಗಳಲ್ಲಿ ಹೆಚ್ಚಿನವು 1940ರಲ್ಲಿ ಬಂದ 3ಸಿ ಮಾದರಿಯವು. ಅದರ ಒಡಲು ಹಿಂದಿನ ಮಾದರಿಗಳಿಗಿಂತ ಸುಮಾರು 3 ಮಿಲಿಮೀಟರ್ ಉದ್ದ, ಮುಂಭಾಗದಲ್ಲಿ ಶಟರಿನ ನಿಧಾನ ವೇಗಗಳಿಗೆಂದೇ ಪ್ರತ್ಯೇಕ ಗುಂಡಿಯಿದೆ. ಲೈಕಾ 2ರ ಆಕಾರದ ಒಡಲ ಮೇಲೆ ವಾಯುಪಡೆಯ ಕೆತ್ತನೆ ಕಂಡರೆ ಎರಡು ಸಲ ಯೋಚಿಸಿ.

ಇನ್ನು ಕ್ರಮಸಂಖ್ಯೆ. ಯಾವ ಸಂಖ್ಯೆ ಯಾವ ವರ್ಷದ್ದು, ಯಾವ ಮಾದರಿಯದು ಎಂಬ ಪಟ್ಟಿಗಳು ಸುಲಭವಾಗಿ ಸಿಗುತ್ತವೆ. ಸಂಖ್ಯೆ ಹೇಳುವ ಮಾದರಿಗೂ ಕೈಯಲ್ಲಿರುವ ಕ್ಯಾಮೆರಾಕ್ಕೂ ತಾಳೆಯಾಗಬೇಕು. ಉದಾಹರಣೆಗೆ, ಸೆಕೆಂಡಿನ 1/1000 ಭಾಗದ ಶಟರ್ ವೇಗ ಬಂದದ್ದು 1935ರ 3ಎ ಮಾದರಿಯಲ್ಲಿ. ಅದಕ್ಕಿಂತ ಹಳೆಯ ಸಂಖ್ಯೆಯ ಕ್ಯಾಮೆರಾದಲ್ಲಿ ಆ ವೇಗವಿದ್ದರೆ ಏನೋ ನಡೆದಿದೆ ಎಂದರ್ಥ. ಆದರೆ ಅಷ್ಟಕ್ಕೇ ನಕಲಿ ಎಂದು ತೀರ್ಪು ಕೊಡಬೇಡಿ. ಲೈಟ್ಸ್ ಕಂಪನಿ ಗ್ರಾಹಕರ ಹಳೆಯ ಕ್ಯಾಮೆರಾಗಳನ್ನು ವಾಪಸ್ ತೆಗೆದುಕೊಂಡು ಹೊಸ ಮಾದರಿಯ ಮಟ್ಟಕ್ಕೆ ಏರಿಸಿಕೊಡುತ್ತಿತ್ತು, ಹಳೆಯ ಸಂಖ್ಯೆಯನ್ನು ಹಾಗೆಯೇ ಉಳಿಸುತ್ತಿತ್ತು. ಅಂಥದ್ದು ಅಪ್ಪಟ ಲೈಕಾವೇ. ಕಾರ್ಖಾನೆಯಿಂದ ಮೊದಲು ಹೊರಬಂದ ರೂಪದಲ್ಲಿಲ್ಲ, ಅಷ್ಟೇ. ಮಾರುವವರು ಇದನ್ನು ಮೊದಲೇ ಹೇಳಿದರೆ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ.

ಕಪ್ಪು ಬಣ್ಣದ ಲೈಕಾ ಎಂ3 ಸಿಕ್ಕರೆ ಬಣ್ಣವನ್ನೇ ವಿಚಾರಿಸಿಕೊಳ್ಳಿ. 1954ರಲ್ಲಿ ಬಂದ ಈ ಮಾದರಿಯಲ್ಲಿ ಕ್ರೋಮ್ ಲೇಪದವೇ ಹೆಚ್ಚು, ಕಪ್ಪು ಬಳಿದವು ಕಡಿಮೆ. ಆದ್ದರಿಂದ ಕ್ರೋಮ್ ತೆಗೆದು ಕಪ್ಪು ಬಳಿಯುವ ಆಸೆ ಹಲವರಿಗೆ. ಉಜ್ಜಿದ ಲೋಹದ ಅಂಚುಗಳು ಮೊಂಡಾಗಿರುತ್ತವೆ, ಅಕ್ಷರಗಳ ಆಳ ಕಡಿಮೆಯಾಗಿರುತ್ತದೆ, ಸ್ಕ್ರೂಗಳ ಸೀಳಿನೊಳಗೂ ಬಣ್ಣ ಕೂತಿರುತ್ತದೆ. ಸವೆತವನ್ನೂ ಗಮನಿಸಿ. ಹೊಸ್ತಿಲು ಸವೆಯುವುದು ಕಾಲು ಬೀಳುವಲ್ಲಿ ತಾನೇ? ಕ್ಯಾಮೆರಾವೂ ಹಾಗೆಯೇ. ಮೂಲೆಗಳಲ್ಲಿ, ಪಟ್ಟಿ ಸಿಕ್ಕಿಸುವ ಕೊಂಡಿಗಳ ಸುತ್ತ, ಫಿಲ್ಮ್ ಸರಿಸಲು ಹೆಬ್ಬೆರಳು ತಾಗುವ ಸನ್ನೆಗೋಲಿನ ಬಳಿ ಬಣ್ಣದಡಿಯ ಹಿತ್ತಾಳೆ ಇಣುಕಬೇಕು. ಬೆರಳು ತಲುಪದ ತಗ್ಗುಗಳಲ್ಲೂ ಹಿತ್ತಾಳೆ ಹೊಳೆಯುತ್ತಿದ್ದರೆ ಆ ಮುಪ್ಪು ಮರಳುಕಾಗದದಿಂದ ಬಂದದ್ದು.

ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕ್ಯಾಮೆರಾ ಕೊಳ್ಳುವವರಿಗೆ ಕೆಲಸ ಹಗುರ. ಸಂಖ್ಯೆಯ ಮೊದಲ ಎರಡು ಅಕ್ಷರಗಳೇ ವರ್ಷ. ವಿ, ಎಚ್, ಪಿ, ಐ, ಸಿ, ಟಿ, ಯು, ಆರ್, ಇ, ಎಸ್ ಎಂಬ ಹತ್ತು ಅಕ್ಷರಗಳಿಗೆ ಕ್ರಮವಾಗಿ 1ರಿಂದ 9, ಕೊನೆಯದಕ್ಕೆ ಸೊನ್ನೆ. ಟಿಎಚ್ ಎಂದರೆ 1962. ಫಿಲ್ಮ್ ಮ್ಯಾಗಜೀನಿನ, ಅಂದರೆ ಫಿಲ್ಮ್ ತುಂಬುವ ಬಿಡಿ ಪೆಟ್ಟಿಗೆಯ, ಒಳಭಾಗವನ್ನು ಎಳೆದು ನೋಡುವುದನ್ನು ಮರೆಯಬೇಡಿ: ಅದರ ಮೇಲಿನ ಸಂಖ್ಯೆಯೂ ಹೊರಚಿಪ್ಪಿನ ಸಂಖ್ಯೆಯ ಕೊನೆಯ ಮೂರು ಅಂಕಿಗಳೂ ಒಂದೇ ಇರಬೇಕು. ಬೇರೆಯಾದರೆ ಎರಡು ಮ್ಯಾಗಜೀನುಗಳು ಬೆರೆತಿವೆ. ಅದು ಮೋಸವೇ ಆಗಬೇಕೆಂದಿಲ್ಲ, ಬೆಲೆಯ ಮಾತಿಗೆ ಮಾತ್ರ ಖಂಡಿತ ಸೇರುತ್ತದೆ.

ನಿಕಾನ್ ಎಫ್‌ನಲ್ಲಿ ಕ್ರಮಸಂಖ್ಯೆ ಇರುವುದು ಬಿಚ್ಚಿ ತೆಗೆಯಬಹುದಾದ ಮೇಲ್ತಟ್ಟೆಯ ಮೇಲೆ. 1959ರ ಮೊದಲ ಕ್ಯಾಮೆರಾಗಳ ಸಂಖ್ಯೆ 64 ಎಂಬ ಅಂಕಿಗಳಿಂದ ಶುರುವಾಗುತ್ತದೆ. ಆ ತಟ್ಟೆಯೊಂದನ್ನು ಆಮೇಲಿನ ಒಡಲಿಗೆ ಕೂರಿಸಿದರೆ ಸಂಖ್ಯೆ ಸತ್ಯ, ಕ್ಯಾಮೆರಾ ಸುಳ್ಳು. ತಟ್ಟೆಯ ಸವೆತವೂ ತಳದ ಸವೆತವೂ ಒಂದೇ ವಯಸ್ಸಿನವೇ ಎಂದು ಹೋಲಿಸಿ. ಜರ್ಮನಿಯ ಕಾಂಟ್ಯಾಕ್ಸ್ ಎಂದು ಮಾರುವ ಸೋವಿಯತ್ ಕೀವ್ ಕ್ಯಾಮೆರಾಗಳಲ್ಲೂ ಹೆಸರು ಸುಳ್ಳು, ಸಂಖ್ಯೆ ಸತ್ಯ. ಅವುಗಳಲ್ಲಿ ಬಹುತೇಕ ಸಂಖ್ಯೆಯ ಮೊದಲ ಎರಡು ಅಂಕಿಗಳೇ ತಯಾರಾದ ವರ್ಷವನ್ನು ಹೇಳಿಬಿಡುತ್ತವೆ.

ಸ್ಕ್ರೂ ತಲೆಗಳು ಕಚ್ಚಿಹೋಗಿದ್ದರೆ ಯಾರೋ ಒಳಗೆ ಕೈ ಹಾಕಿದ್ದಾರೆ. ದಶಕಗಳ ಕಾಲ ದುಡಿದ ಯಂತ್ರ ರಿಪೇರಿ ಕಂಡಿರುವುದು ಸಹಜ, ಅದೊಂದೇ ಕಾರಣಕ್ಕೆ ನಾನು ಯಾವ ಕ್ಯಾಮೆರಾವನ್ನೂ ಬಿಟ್ಟಿಲ್ಲ. ಆದರೆ ಮಾಲೀಕರು ‘ಇದನ್ನು ಬಿಚ್ಚಿಯೇ ಇಲ್ಲ’ ಎನ್ನುತ್ತಿದ್ದರೆ ಆ ಸ್ಕ್ರೂಗಳನ್ನು ಅವರಿಗೇ ತೋರಿಸಿ ಕೇಳುತ್ತೇನೆ.

ದೂರದಿಂದ ಕೊಳ್ಳುವುದಾದರೆ ನಾಲ್ಕು ಚಿತ್ರಗಳನ್ನು ಕೇಳಿ ತರಿಸಿಕೊಳ್ಳಿ: ಲೆನ್ಸ್ ಬಿಚ್ಚಿದ ಬಾಯಿಯ ಒಳಗು, ತಳದ ಮುಚ್ಚಳ ತೆಗೆದ ನೋಟ, ಓರೆ ಬೆಳಕಿನಲ್ಲಿ ಮೇಲ್ತಟ್ಟೆ, ನೇರ ಎದುರಿನಿಂದ ಕಿಟಕಿಗಳು. ಲೆನ್ಸ್ ಬಿಚ್ಚಲು ಬರುವುದಿಲ್ಲ ಎನ್ನುವವರಿಗೆ ಹೇಗೆಂದು ಸಮಾಧಾನದಿಂದ ಹೇಳಿಕೊಡಿ. ಹೇಳಿಕೊಟ್ಟ ಮೇಲೂ ಆ ಒಂದು ಚಿತ್ರ ಮಾತ್ರ ಬರದಿದ್ದರೆ ಹಣ ಕಳುಹಿಸಬೇಡಿ.