ಹನ್ನೆರಡೂವರೆ ಡಿಗ್ರಿಯ ಪೀಕಿನ ಹಿಂದೆ ಬಿದ್ದ ನನ್ನ ಅನುಭವ

ಪುಡಿಯ ಮೇಲೆ ಎಕ್ಸ್-ರೇ ಬಿಟ್ಟು, ಅದು ಯಾವ ಕೋನಗಳಲ್ಲಿ ಬಲವಾಗಿ ಹೊರಬರುತ್ತದೆ (ಆ ಏರುಗಳೇ ಪೀಕ್) ಎಂದು ನೋಡಿ ಹರಳಿನ ರಚನೆ ತಿಳಿಯುವ ಎಕ್ಸ್-ರೇ ಡಿಫ್ರಾಕ್ಷನ್ ಕೆಲಸದ ಕಥೆ ಇದು. ಪಿ2 ಎಂಬ ಪದರ ರಚನೆಯ (ಪದರಗಳ ನಡುವೆ ಸೋಡಿಯಂ ಇರುವ) ಸೋಡಿಯಂ ಮ್ಯಾಂಗನೀಸ್ ಆಕ್ಸೈಡಿನಲ್ಲಿ, ತಾಮ್ರದ ಕೆ-ಆಲ್ಫಾ ಎಂಬ ಎಕ್ಸ್-ರೇಗೆ 15.8 ಡಿಗ್ರಿಯ ಆಸುಪಾಸಿನಲ್ಲಿ ಬರಬೇಕಾದ 002 ಪೀಕ್ (ಪದರಗಳ ಅಂತರ ಹೇಳುವುದು) ಕುಗ್ಗಿ, 12.5ರ ಹತ್ತಿರ ಹೊಸದೊಂದು ಎದ್ದು ನಿಂತಾಗ, ನೋಡಿದವರೆಲ್ಲ ಬೇರೆ ಫೇಸ್ (ಬೇರೆ ಹರಳು ರಚನೆಯ ವಸ್ತು) ಬೆರೆತಿದೆ, ಮತ್ತೆ ಸುಡಿ ಎಂದರು. ಅವರ ಮಾತು ನಂಬಿ, ಸೋಡಿಯಂ ಕಾರ್ಬೊನೇಟನ್ನು ಶೇ. 5ರಿಂದ 10ರಷ್ಟು ಹೆಚ್ಚು ಹಾಕಿ ಮೂರು ಬ್ಯಾಚ್ ಸುಟ್ಟೆ. ಪೀಕ್ ಇನ್ನಷ್ಟು ಬೆಳೆಯಿತು. ಗಂಟೆ ಲೆಕ್ಕದಲ್ಲಿ ಶುಲ್ಕ ಕಟ್ಟುವ ಯಂತ್ರದ ಮೇಲೆ ಸುಮಾರು ನಲವತ್ತು ಗಂಟೆ ವ್ಯರ್ಥವಾಗಿ, ಆ ವರ್ಷದ ಖರ್ಚಿನ ಹಣದಲ್ಲಿ ಅರ್ಧದಷ್ಟು ಅದಕ್ಕೇ ಹೋಯಿತು.

ಸುಳಿವು ಸಿಕ್ಕಿದ್ದು ದಿನಾಂಕಗಳಲ್ಲಿ. ಸುಟ್ಟ ದಿನವೇ ಸರದಿ ಸಿಕ್ಕ ಸ್ಯಾಂಪಲ್ ಸ್ವಚ್ಛವಾಗಿತ್ತು. ಎರಡು ದಿನ ಕಾದದ್ದು ಕೆಟ್ಟಿತ್ತು. 12.5 ಡಿಗ್ರಿ ಎಂದರೆ ಪದರದ ಅಂತರ ಸುಮಾರು 7.1 ಆಂಗ್‌ಸ್ಟ್ರಾಮ್, 5.6 ಇದ್ದದ್ದು ಅಷ್ಟಾಗಬೇಕಾದರೆ ನಡುವೆ ನೀರು ಸೇರಿರಲೇಬೇಕು. ಗಾಳಿಯ ತೇವ ಅಷ್ಟು ಬೇಗ ಒಳಹೋಗದು ಎಂದು ಹಿರಿಯರೊಬ್ಬರು ನಕ್ಕರು. ಪೀಕಿನ ಜಾಗ ಖಚಿತವಾಗಿ ಗೊತ್ತಿರುವ ಸಿಲಿಕಾನನ್ನು ಪುಡಿಗೆ ಬೆರೆಸಿ ನೋಡಿದೆ: ಅದರ 28.44 ಡಿಗ್ರಿಯ ಪೀಕ್ ಅಲುಗಲಿಲ್ಲ, ಆದ್ದರಿಂದ ಯಂತ್ರವನ್ನೂ ಪುಡಿ ಇಡುವ ಹೋಲ್ಡರಿನ ಎತ್ತರವನ್ನೂ ದೂರುವಂತಿರಲಿಲ್ಲ. ಉಳಿದ ಪಿ2 ಭಾಗದಲ್ಲಿ 002 ತುಸು ಎಡಕ್ಕೂ, ಪದರದೊಳಗಿನ ಅಂತರ ಹೇಳುವ 100 ಪೀಕ್ ತುಸು ಬಲಕ್ಕೂ ಸರಿದಿದ್ದವು; ಸೋಡಿಯಂ ಹೊರಬಿದ್ದರೆ ಹೀಗೆಯೇ ಆಗಬೇಕು.

ಮಧ್ಯೆ ಒಂದು ವಾರ ದಾರಿ ತಪ್ಪಿದ್ದೂ ಉಂಟು. 14.3 ಡಿಗ್ರಿಯಲ್ಲಿ ಕಂಡ ಸಣ್ಣ ಪೀಕನ್ನು ಅರ್ಧ ನೀರು ಸೇರಿದ ಹೊಸ ಫೇಸ್ ಎಂದು ಸಂಭ್ರಮಿಸಿದೆ. ನೋಡಿದರೆ, ತಾಮ್ರದ ಇನ್ನೊಂದು ಕಿರಣವಾದ ಕೆ-ಬೀಟಾವನ್ನು ತಡೆಯುವ ನಿಕಲ್ ಫಿಲ್ಟರನ್ನು ಯಾರೋ ತೆಗೆದಿಟ್ಟಿದ್ದರು. ಅದು 002ರ ಕೆ-ಬೀಟಾ ನೆರಳಷ್ಟೇ. ತಟ್ಟೆಯಾಕಾರದ ಕಣಗಳು ಒತ್ತಿದಾಗ ಒಂದೇ ದಿಕ್ಕಿಗೆ ಮಲಗುವುದರಿಂದ 002 ವಿಪರೀತ ಬಲವಾಗಿ, ನೆರಳಿಗೂ ಜೀವ ಬಂದಿತ್ತು.

ಕೊನೆಗೆ ಫರ್ನೇಸಿನಿಂದ ಸುಮಾರು 250 ಡಿಗ್ರಿ ಸೆಲ್ಸಿಯಸ್ ಇರುವಾಗಲೇ ತೆಗೆದು, ನೇರ ಗ್ಲವ್ ಬಾಕ್ಸಿಗೆ (ತೇವವಿಲ್ಲದ ಮುಚ್ಚಿದ ಪೆಟ್ಟಿಗೆ) ಸಾಗಿಸಿ, ಗಾಳಿ ತಾಗದಂತೆ ಕ್ಯಾಪ್ಟಾನ್ ಎಂಬ ಪ್ಲಾಸ್ಟಿಕ್ ಹಾಳೆಯ ಕೆಳಗೆ ಮುಚ್ಚಿ ಸ್ಕ್ಯಾನ್ ಓಡಿಸಿದೆ. 12.5ರಲ್ಲಿ ಏನೂ ಇರಲಿಲ್ಲ. ಹಾಳೆ ತೆಗೆದು, 10ರಿಂದ 18ರವರೆಗೆ ಮಾತ್ರ ಅರ್ಧ ಗಂಟೆಗೊಮ್ಮೆ ಚಿಕ್ಕ ಸ್ಕ್ಯಾನ್ ಮಾಡಿದಾಗ, ನಕ್ಕವರ ಕಣ್ಣೆದುರೇ ಪೀಕ್ ಬೆಳೆಯಿತು. ಕಣಗಳು ಮಲಗದಂತೆ ಪುಡಿ ತುಂಬುವ ನನ್ನ ಕ್ರಮವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಕುತೂಹಲಕ್ಕೆ ಮ್ಯಾಂಗನೀಸಿನ ಮೂರನೆಯ ಒಂದು ಭಾಗಕ್ಕೆ ನಿಕಲ್ ಹಾಕಿದ ಸಂಯುಕ್ತವನ್ನು ವಾರಗಟ್ಟಲೆ ತೆರೆದಿಟ್ಟೆ, ಅದು ಕದಲಲಿಲ್ಲ. ಕೆಟ್ಟ ಬ್ಯಾಚುಗಳನ್ನು ನಿರ್ವಾತದಲ್ಲಿ ಸುಮಾರು 200 ಡಿಗ್ರಿಗೆ ರಾತ್ರಿಯಿಡೀ ಕಾಯಿಸಿದಾಗ 15.8ರ ಪೀಕ್ ಮರಳಿತು, ಆದರೆ ಅಗಲವಾಗಿ. 30 ಮತ್ತು 38ರ ಬಳಿಯ ಸೋಡಿಯಂ ಕಾರ್ಬೊನೇಟ್ ಪೀಕುಗಳು ಹೋಗಲಿಲ್ಲ. ಆ ಮೂರೂ ಬ್ಯಾಚುಗಳನ್ನು ಎಸೆದೆ.