ಬೇ ಏರಿಯಾಕ್ಕೆ ಹೊಸಬರೇ? ಗಾಲ್ಫ್ ಎಲ್ಲಿ ಆಡಬೇಕು, ಯಾವಾಗ ಆಡಬೇಕು

ಬೆಂಗಳೂರು ಗಾಲ್ಫ್ ಕ್ಲಬ್ 1876ರಿಂದ ಇದೆ. ನಮ್ಮಲ್ಲಿ ಎಷ್ಟು ಜನ ಅದರ ಗೇಟು ದಾಟಿದ್ದೇವೆ? ಊರಿನಲ್ಲಿ ಗಾಲ್ಫ್ ಅಂದರೆ ಸದಸ್ಯತ್ವ ಇರಬೇಕು, ಇಲ್ಲದಿದ್ದರೆ ಸದಸ್ಯರೊಬ್ಬರ ಪರಿಚಯ ಇರಬೇಕು. ಅದೇ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಇಲ್ಲಿಗೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಊರುಗಳಿಗೆ, ಬರುವವರು ಗಾಲ್ಫ್ ಕೋರ್ಸಿನ ಪಕ್ಕದ ರಸ್ತೆಯಲ್ಲೇ ವರ್ಷಗಟ್ಟಲೆ ಆಫೀಸಿಗೆ ಹೋಗಿಬರುತ್ತಾರೆ, ಒಳಗೆ ಮಾತ್ರ ಹೋಗುವುದಿಲ್ಲ. ಇಲ್ಲಿ ಹಾಗಿಲ್ಲ. ಸ್ಯಾನ್ ಹೋಸೆ, ಸನ್ನಿವೇಲ್, ಮೌಂಟನ್ ವ್ಯೂ, ಪಾಲೊ ಆಲ್ಟೊ, ಕ್ಯೂಪರ್ಟಿನೊ, ಎಲ್ಲ ಕಡೆ ನಗರಸಭೆಯದ್ದೇ ಕೋರ್ಸ್ ಇದೆ. ಲೈಬ್ರರಿ, ಪಾರ್ಕು ಇದ್ದ ಹಾಗೆ ಇದೂ ಒಂದು. ದುಡ್ಡು ಕಟ್ಟಿದರೆ ಯಾರು ಬೇಕಾದರೂ ಆಡಬಹುದು.

ಆದರೆ ಹೊಸಬರು ಸಾಮಾನ್ಯವಾಗಿ ಹೆಸರು ನೋಡಿ ಕೋರ್ಸ್ ಆರಿಸುತ್ತಾರೆ. ಟಿವಿಯಲ್ಲಿ ನೋಡಿದ ಜಾಗಕ್ಕೆ ಮೊದಲ ತಿಂಗಳೇ ದುಡ್ಡು ಸುರಿದು, ಹತ್ತಾರು ಚೆಂಡು ಕಳೆದುಕೊಂಡು, 'ಈ ಆಟ ನಮಗಲ್ಲ' ಅಂದುಬಿಡುತ್ತಾರೆ. ನನ್ನ ಕೇಳಿದರೆ ಇಲ್ಲಿ ಕೋರ್ಸ್ ಆರಿಸಬೇಕಾದ್ದು ಗಡಿಯಾರ ಮತ್ತು ಗಾಳಿ ನೋಡಿ. ಹೆಸರೆಲ್ಲ ಆಮೇಲೆ.

ಶುರು ಒಂಬತ್ತು ಹೋಲಿನ (ಹೋಲು ಅಂದರೆ ಚೆಂಡು ಸೇರಿಸಬೇಕಾದ ಗುಳಿ, ಅಲ್ಲಿಗೆ ಹೋಗುವ ದಾರಿಯೂ ಸೇರಿ) ಸಣ್ಣ ಕೋರ್ಸಿನಲ್ಲೇ ಆಗಲಿ. ಸನ್ನಿವೇಲಿನಲ್ಲಿ ಸಂಕನ್ ಗಾರ್ಡನ್ಸ್, ಕ್ಯೂಪರ್ಟಿನೊದಲ್ಲಿ ಬ್ಲ್ಯಾಕ್‌ಬೆರಿ ಫಾರ್ಮ್. ಎರಡೂ ನಗರಸಭೆಯವು. ಹೆಚ್ಚಿನವು ಪಾರ್ 3 ಹೋಲುಗಳು, ಅಂದರೆ ಮೂರು ಹೊಡೆತಕ್ಕೆ ಚೆಂಡು ಗುಳಿ ಸೇರಬೇಕು ಅನ್ನುವ ಲೆಕ್ಕದವು. ಎರಡು ಗಂಟೆಯೊಳಗೆ ಆಟ ಮುಗಿಯುತ್ತದೆ. ಜೂನ್ ತಿಂಗಳಲ್ಲಿ ಇಲ್ಲಿ ರಾತ್ರಿ ಎಂಟರ ತನಕ ಬೆಳಕಿರುತ್ತದೆ, ಅಲ್ವಾ? ಕೆಲಸ ಮುಗಿಸಿ ಹೋಗಿ, ಆಡಿ, ಊಟದ ಹೊತ್ತಿಗೆ ಮನೆ ಸೇರಬಹುದು. ಇದು ಸಾಕಾಯಿತು ಅನಿಸಿದಾಗ ಕ್ಯೂಪರ್ಟಿನೊದ ಡೀಪ್ ಕ್ಲಿಫ್‌ಗೆ ಹೋಗಿ. ಖಾಸಗಿಯದಾದರೂ ಎಲ್ಲರಿಗೂ ತೆರೆದಿದೆ. ಹದಿನೆಂಟು ಹೋಲು, ಆದರೆ ಒಟ್ಟು ಪಾರ್ 60 ಅಷ್ಟೇ. ಸ್ಟೀವನ್ಸ್ ಕ್ರೀಕ್ ಪಕ್ಕದಲ್ಲಿ, ಮರಗಳ ನಡುವೆ. ಜಾಗ ಕಿರಿದು, ಡ್ರೈವರ್ ಅನ್ನುವ, ದೂರ ಹೊಡೆಯುವ ದೊಡ್ಡ ಕೋಲು ಬೀಸುವ ಅವಕಾಶ ಕಡಿಮೆ. ಐರನ್ ಅನ್ನುವ, ಅದಕ್ಕಿಂತ ಕಡಿಮೆ ದೂರದ ಕೋಲು ಹೊಡೆಯುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಸೌತ್ ಬೇಯಲ್ಲಿ, ಅಂದರೆ ಕೊಲ್ಲಿಯ ದಕ್ಷಿಣದ ಈ ಊರುಗಳಲ್ಲಿ, ನನಗೆ ಕಂಡಿಲ್ಲ.

ಕ್ಲಬ್ಬುಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಹೊಸ ಸೆಟ್ ಈಗಲೇ ಕೊಳ್ಳಬೇಡಿ. ನಿಯಮ ಬ್ಯಾಗಿನಲ್ಲಿ 14ರ ತನಕ ಬಿಡುತ್ತದೆ, ನಿಮಗೆ ಆರೇಳು ಸಾಕು. ಸೆಕೆಂಡ್ ಹ್ಯಾಂಡ್ ಸೆಟ್ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಒಬ್ಬ ಕೋಚ್ ಹತ್ತಿರ ಪಾಠ ಹೇಳಿಸಿಕೊಳ್ಳಿ. ಇನ್ನೊಂದು ಮಾತು. ಹಲವು ನಗರಗಳಲ್ಲಿ ಸ್ಥಳೀಯರಿಗೆ ರಿಯಾಯಿತಿ ಇದೆ. ಅದಕ್ಕೆ ಡ್ರೈವಿಂಗ್ ಲೈಸೆನ್ಸಿನಲ್ಲಿ ಈಗಿನ ವಿಳಾಸ ಇರಬೇಕು. ಅಪಾರ್ಟ್‌ಮೆಂಟ್ ಬದಲಿಸಿದ ಮೇಲೆ ವಿಳಾಸ ತಿದ್ದಿಸದೆ ಬಿಡುವುದು ನಮ್ಮವರಿಗೆ ರೂಢಿ.

ಇನ್ನು ಪೂರ್ತಿ ಹದಿನೆಂಟು ಹೋಲಿನ ಮಾತು. ಮೊದಲ ಸಲಕ್ಕೆ ಓಕ್‌ಲ್ಯಾಂಡ್ ರಸ್ತೆಯ ಸ್ಯಾನ್ ಹೋಸೆ ಮುನಿಸಿಪಲ್ ಒಳ್ಳೆಯದು. ಸಪಾಟು ನೆಲ, ಅಗಲ ಫೇರ್‌ವೇ (ಹೋಲಿಗೆ ಹೋಗುವ ಹುಲ್ಲಿನ ದಾರಿ). ಚೆಂಡು ಸೊಟ್ಟ ಹೋದರೂ ಪಕ್ಕದ ಫೇರ್‌ವೇಯಲ್ಲಿ ಸಿಗುತ್ತದೆ. ನೋಡಲು ಅಂಥಾ ಚೆಂದ ಏನಿಲ್ಲ, ವಾರಾಂತ್ಯದಲ್ಲಿ ಜನ ಕಿಕ್ಕಿರಿದಿರುತ್ತಾರೆ. ಆದರೂ ಹೊಸಬರಿಗೆ ಇದೇ ಸರಿ.

ಚೆಂದ ಬೇಕು ಅಂದರೆ ಕೊಲ್ಲಿಯ ದಂಡೆಗೆ ಬನ್ನಿ. ಅಲ್ಲಿ ಎರಡು ಕೋರ್ಸಿನ ನಡುವೆ ಸದಾ ಚರ್ಚೆ. ಮೌಂಟನ್ ವ್ಯೂನ ಶೋರ್‌ಲೈನ್, ಪಾಲೊ ಆಲ್ಟೊದ ಬೇಲ್ಯಾಂಡ್ಸ್. ಶೋರ್‌ಲೈನ್ ಇರುವುದು ಗೂಗಲ್ ಆಫೀಸುಗಳ ಪಕ್ಕದಲ್ಲಿ, ಹಳೆಯ ಕಸದ ಗುಡ್ಡೆಯನ್ನು ಮುಚ್ಚಿ ಕಟ್ಟಿದ ಪಾರ್ಕಿನಲ್ಲಿ. ಕೆರೆ ಇದೆ, ಮರ ಇದೆ, ಕಾಡು ಬಾತುಗಳಂತೂ ಲೆಕ್ಕವಿಲ್ಲದಷ್ಟು. ಅವುಗಳ ಹಿಕ್ಕೆ ಗ್ರೀನ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೂ ಬಿದ್ದಿರುತ್ತದೆ. ಪಟ್ ಮಾಡುವ, ಅಂದರೆ ಚೆಂಡನ್ನು ಗುಳಿಯ ಕಡೆ ಮೆಲ್ಲಗೆ ಉರುಳಿಸುವ ಮುಂಚೆ ದಾರಿ ಗುಡಿಸಿಕೊಳ್ಳಬೇಕು, ನಿಯಮವೂ ಅದಕ್ಕೆ ಒಪ್ಪುತ್ತದೆ.

ಬೇಲ್ಯಾಂಡ್ಸ್ ಕಥೆ ಬೇರೆ. ಅದು 1950ರ ದಶಕದ ಸಾದಾ ಕೋರ್ಸು. ಸ್ಯಾನ್ ಫ್ರಾನ್ಸಿಸ್‌ಕ್ವಿಟೊ ತೊರೆಯ ಪ್ರವಾಹ ತಡೆಯುವ ಯೋಜನೆಗೆ ಅದರ ಒಂದಷ್ಟು ಜಾಗ ಹೋಯಿತು. ಆ ನೆಪದಲ್ಲಿ ಫಾರೆಸ್ಟ್ ರಿಚರ್ಡ್‌ಸನ್ ಇಡೀ ಕೋರ್ಸನ್ನೇ ಹೊಸದಾಗಿ ವಿನ್ಯಾಸ ಮಾಡಿದರು. 2018ರಲ್ಲಿ ಮತ್ತೆ ತೆರೆಯಿತು. ಈಗ ಹುಲ್ಲುಹಾಸು ಕಡಿಮೆ, ಜೌಗು ಗಿಡಗಳು ಜಾಸ್ತಿ, ನೆಲಕ್ಕೆ ಏರಿಳಿತ ಬಂದಿದೆ. ಉಪ್ಪಿನ ಅಂಶವಿರುವ ಮರುಬಳಕೆ ನೀರಿಗೂ ತಾಳುವ ಪಾಸ್ಪಾಲಮ್ ಹುಲ್ಲು ಹಾಕಿದ್ದಾರೆ. ಮರಗಳು ಕಡಿಮೆ, ಅಡ್ಡಗಾಳಿಗೆ ಮೈಯೊಡ್ಡಿ ನಿಂತಿದೆ. ಪಕ್ಕದ ಸಣ್ಣ ಏರ್‌ಪೋರ್ಟಿಗೆ ವಿಮಾನಗಳು ತಲೆಯ ಮೇಲೇ ಇಳಿಯುತ್ತವೆ. ನನ್ನ ಓಟು ಇದಕ್ಕೇ. ನಡೆದು ಆಡಲು ಹಿತ, ಪ್ರತಿ ಹೋಲಿನಲ್ಲೂ ಯೋಚಿಸುವ ಕೆಲಸ ಇದೆ.

ಆದರೆ ಹೊತ್ತು ನೋಡಿ ಹೋಗಿ. ಬೇಸಿಗೆಯಲ್ಲಿ ಒಳನಾಡಿನ ಕಣಿವೆ ಕಾಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ ಕೊಲ್ಲಿಯ ದಂಡೆಯಲ್ಲಿ ಟೋಪಿ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಕ್ಕೆ ಆಡಿದ ಬೇಲ್ಯಾಂಡ್ಸೇ ಬೇರೆ, ಸಂಜೆ ನಾಲ್ಕರ ಬೇಲ್ಯಾಂಡ್ಸೇ ಬೇರೆ. ಸಂಜೆಯ 'ಟ್ವಿಲೈಟ್' ದರ ಅಗ್ಗ ಇರುವುದಕ್ಕೆ ಮುಖ್ಯ ಕಾರಣ ಕತ್ತಲಾಗುವ ಮೊದಲು ಆಟ ಮುಗಿಯದೆ ಇರಬಹುದು ಅನ್ನುವುದು. ದಂಡೆಯ ಕೋರ್ಸುಗಳಲ್ಲಿ ಈ ಗಾಳಿಯೂ ಅದರ ಜೊತೆ ಬರುತ್ತದೆ.

ಗುಡ್ಡದ ಕಡೆ ಹೋದರೆ ಗಾಳಿಗಿಂತ ಬಿಸಿಲಿನದೇ ಚಿಂತೆ. ಸ್ಯಾನ್ ಹೋಸೆಯ ದಕ್ಷಿಣಕ್ಕಿರುವ ಸಿನಬಾರ್ ಹಿಲ್ಸ್‌ನಲ್ಲಿ 27 ಹೋಲುಗಳಿವೆ, ಒಂಬತ್ತು ಒಂಬತ್ತರ ಮೂರು ಗುಂಪು. ವಸಂತದಲ್ಲಿ ಗುಡ್ಡಗಳು ಹಸಿರು, ಆಗ ಹೋಗಿ. ಪ್ಲೆಸಂಟನ್ನಿನ ಕಲಿಪಿ ಪ್ರಿಸರ್ವ್ ನಗರಸಭೆಯದು, 2005ರಲ್ಲಿ ಶುರುವಾಯಿತು, ಒಂದು ಚಿಟ್ಟೆಯ ಹೆಸರು ಅದಕ್ಕೆ. ಫ್ರೀಮಾಂಟ್, ಡಬ್ಲಿನ್ ಕಡೆಯವರಿಗೆ ಅದೇ ಹತ್ತಿರ. ಎರಡರಲ್ಲೂ ಒಂದು ಹೋಲಿನಿಂದ ಇನ್ನೊಂದಕ್ಕೆ ಏರು ಜಾಸ್ತಿ. ಇಲ್ಲಿ ಕಾರ್ಟ್‌ಗೆ, ಅಂದರೆ ಕೂತು ಓಡಾಡುವ ಸಣ್ಣ ಗಾಡಿಗೆ, ದುಡ್ಡು ಕೊಡಿ, ಜಿಪುಣತನ ಬೇಡ. ಚೆಂಡು ಒಣಹುಲ್ಲಿಗೆ ಬಿದ್ದರೆ ಕೈ ಹಾಕಿ ಹುಡುಕಬೇಡಿ, ರ‍್ಯಾಟಲ್‌ಸ್ನೇಕ್ ಅನ್ನುವ ವಿಷದ ಹಾವು ಇರುವ ಗುಡ್ಡಗಳವು.

ಮಳೆಗಾಲ ಇಲ್ಲಿ ಚಳಿಗಾಲದಲ್ಲಿ. ಜನವರಿಯಲ್ಲಿ ಹೆಚ್ಚಿನ ಕೋರ್ಸುಗಳು ಕೆಸರು, ಕಾರ್ಟ್ ದಾರಿ ಬಿಟ್ಟು ಇಳಿಯುವ ಹಾಗಿಲ್ಲ. ಆಗ ಅಲಮೀಡಾ ಊರಿನ ಕೊರಿಕಾ ಪಾರ್ಕ್ ನೆನಪಿಟ್ಟುಕೊಳ್ಳಿ. ಅದರ ಸೌತ್ ಕೋರ್ಸನ್ನು ರೀಸ್ ಜೋನ್ಸ್ ಹೊಸದಾಗಿ ಮಾಡಿದಾಗ ಹುಲ್ಲಿನ ಕೆಳಗೆ ಮರಳು ಹಾಸಿದ್ದಾರೆ. ನೀರು ಬೇಗ ಇಂಗುತ್ತದೆ, ಚೆಂಡು ಓಡುತ್ತದೆ. ದೂರ ಅನಿಸಿದರೂ ಮಳೆಯ ತಿಂಗಳಲ್ಲಿ ಪೆಟ್ರೋಲ್ ದುಡ್ಡು ದಂಡವಲ್ಲ.

ಬುಕಿಂಗ್ ವಿಷಯಕ್ಕೆ ಬಂದರೆ, ಶನಿವಾರ ಬೆಳಗಿನ ಟೀ ಟೈಮ್, ಅಂದರೆ ಆಟ ಶುರು ಮಾಡಲು ಕಾದಿರಿಸುವ ಹೊತ್ತು, ಒಂದು ವಾರ ಮೊದಲೇ ಮುಗಿದಿರುತ್ತದೆ. ಒಬ್ಬರೇ ಹೋಗುವುದಾದರೆ ಸುಲಭ. ಮೂವರ ಗುಂಪಿಗೆ ನಾಲ್ಕನೆಯವರಾಗಿ ಸೇರಿಸುತ್ತಾರೆ. ಮುಜುಗರ ಪಡಬೇಡಿ. ರಿಟೈರ್ ಆದ ಮೇಷ್ಟ್ರು, ಪ್ಲಂಬರ್, ಸ್ಟಾರ್ಟಪ್ ಹುಡುಗಿ, ಯಾರಾದರೂ ಸಿಗಬಹುದು. ಆಫೀಸಿನಾಚೆ ಈ ಊರಿನವರ ಪರಿಚಯ ನನಗೆ ಆಗಿದ್ದೇ ಹೀಗೆ. ನಾಲ್ವರೂ ನಮ್ಮವರೇ ಆದರೆ ಮಾತು ಜಾಸ್ತಿ, ಆಟ ನಿಧಾನ. ಹಿಂದಿನ ಗುಂಪು ಕಾಯುತ್ತಾ ನಿಂತಿರುತ್ತದೆ, ಆಟದ ವೇಗ ನೋಡಿಕೊಳ್ಳುವ ಮಾರ್ಷಲ್ ಗಾಡಿಯಲ್ಲಿ ಬಂದು ಮುಖ ನೋಡುತ್ತಾನೆ. ಇಲ್ಲಿ ಕೆಟ್ಟದಾಗಿ ಆಡಿದರೆ ಯಾರೂ ಏನೂ ಅನ್ನುವುದಿಲ್ಲ, ನಿಧಾನ ಆಡಿದರೆ ಮಾತ್ರ ಸಹಿಸುವುದಿಲ್ಲ. ಹತ್ತು ಹೊಡೆತ ಆಯಿತಾ? ಚೆಂಡು ಎತ್ತಿ ಜೇಬಿಗೆ ಹಾಕಿ, ಮುಂದೆ ನಡೆಯಿರಿ. ಚೆಂಡು ಯಾರ ಕಡೆಗಾದರೂ ಹಾರಿದರೆ ಗಟ್ಟಿಯಾಗಿ 'ಫೋರ್' ಅಂತ ಕೂಗಿ, ಸಂಕೋಚ ಬೇಡ. ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಇಳಿದರೆ ಮರಳು ಬಾಚಿ ಬನ್ನಿ. ಕಾಲರ್ ಇರುವ ಟೀ ಶರ್ಟ್ ಹಾಕಿಕೊಳ್ಳಿ. ಬ್ಯಾಗಿನಲ್ಲಿ ಒಂದು ಡಬ್ಬಿ ಚಿತ್ರಾನ್ನ ಇಟ್ಟುಕೊಂಡರೆ ಒಂಬತ್ತನೇ ಹೋಲಿನ ಹಾಟ್ ಡಾಗ್ ಗೂಡಂಗಡಿಗೆ ಹೋಗುವ ಕೆಲಸ ಉಳಿಯುತ್ತದೆ. ಮಕ್ಕಳಿದ್ದರೆ ಯೂತ್ ಆನ್ ಕೋರ್ಸ್ ಯೋಜನೆಗೆ ಸೇರಿಸಿ. ಉತ್ತರ ಕ್ಯಾಲಿಫೋರ್ನಿಯಾದಲ್ಲೇ ಹುಟ್ಟಿದ್ದು ಅದು. ಮಕ್ಕಳು ಎಷ್ಟೋ ಕೋರ್ಸುಗಳಲ್ಲಿ 5 ಡಾಲರಿಗೆ ಆಡಬಹುದು.

ಈಗ ಹೆಸರುವಾಸಿ ಕೋರ್ಸುಗಳು. ಸ್ಯಾನ್ ಫ್ರಾನ್ಸಿಸ್ಕೊ ನಗರದ್ದೇ ಆದ ಹಾರ್ಡಿಂಗ್ ಪಾರ್ಕ್ 1925ರದ್ದು. ಒಂದು ಕಾಲಕ್ಕೆ ಎಷ್ಟು ಹಾಳಾಗಿತ್ತೆಂದರೆ, 1998ರಲ್ಲಿ ಪಕ್ಕದ ಒಲಿಂಪಿಕ್ ಕ್ಲಬ್ಬಿನಲ್ಲಿ ಗಾಲ್ಫಿನ ಯುಎಸ್ ಓಪನ್ ಪಂದ್ಯಾವಳಿ ನಡೆದಾಗ ಇದರ ಮೇಲೆ ಕಾರು ನಿಲ್ಲಿಸಿದ್ದರು. ಆಮೇಲೆ ದುರಸ್ತಿಯಾಯಿತು. 2020ರಲ್ಲಿ ಪ್ರೇಕ್ಷಕರಿಲ್ಲದ ಪಿಜಿಎ ಚಾಂಪಿಯನ್‌ಶಿಪ್ ಇಲ್ಲೇ ನಡೆದು, 23 ವರ್ಷದ ಕಾಲಿನ್ ಮೊರಿಕಾವಾ ಗೆದ್ದರು. ಅವರು ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಿಸಿದ 16ನೇ ಹೋಲಿನಲ್ಲಿ ನಿಂತು ನೀವೂ ಬೀಸಬಹುದು. ನಗರದ ನಿವಾಸಿಗಳಿಗೆ ದರ ಕಡಿಮೆ, ನಮ್ಮಂಥ ಸೌತ್ ಬೇಯವರಿಗೆ ಭಾರಿ. ಊರಿನಿಂದ ಅಣ್ಣನೋ ಭಾವನೋ ಬಂದಾಗ ಒಂದು ಸಲ ಸರಿ, ಪದೇ ಪದೇ ಹೋಗುವ ಜಾಗವಲ್ಲ.

ಅದರ ಬದಲು ಪಸಿಫಿಕಾದ ಶಾರ್ಪ್ ಪಾರ್ಕ್ ನೋಡಿ. ಇದೂ ಸ್ಯಾನ್ ಫ್ರಾನ್ಸಿಸ್ಕೊದ್ದೇ, ಇರುವುದು ಮಾತ್ರ ಬೇರೆ ಊರಿನಲ್ಲಿ. ಹೆಸರಾಂತ ಖಾಸಗಿ ಕೋರ್ಸ್ ಆಗಸ್ಟಾ ನ್ಯಾಷನಲ್ ವಿನ್ಯಾಸ ಮಾಡಿದ ಅಲಿಸ್ಟರ್ ಮೆಕೆಂಝಿ ಅವರದ್ದೇ ಕೈಚಳಕ, 1932ರಲ್ಲಿ ತೆರೆದದ್ದು. ಆಗಸ್ಟಾದಲ್ಲಿ ಆಹ್ವಾನ ಇಲ್ಲದೆ ಆಡಲಾಗದು. ಇಲ್ಲಿ ಹರಿದ ಶೂ ಹಾಕಿಕೊಂಡು ಹೋದರೂ ಬಾ ಅನ್ನುತ್ತಾರೆ. ಸಮುದ್ರ ಒಂದಷ್ಟು ಹೋಲುಗಳನ್ನು ನುಂಗಿದೆ. ಕೆಂಪು ಕಾಲಿನ ಕಪ್ಪೆ ಮತ್ತು ಅಪರೂಪದ ಒಂದು ಹಾವಿನ ರಕ್ಷಣೆಗಾಗಿ ಪರಿಸರದವರು ಕೋರ್ಟಿಗೂ ಹೋಗಿದ್ದರು. ಅವರ ವಾದದಲ್ಲೂ ಹುರುಳಿದೆ. ಗ್ರೀನ್‌ಗಳು ಒರಟು, ನೆಲ ಒದ್ದೆ, ಜುಲೈನಲ್ಲೂ ಮಂಜು ಮುಸುಕಿ ಸ್ವೆಟರ್ ಬೇಕಾಗುತ್ತದೆ. ಆದರೂ ಈ ದುಡ್ಡಿಗೆ ಇಂಥ ಕೋರ್ಸ್ ಸಿಗುವುದು ಅಪರೂಪ. ಬರೀ ನೋಟಕ್ಕೆ ಅಂದರೆ ನಗರದೊಳಗಿನ ಲಿಂಕನ್ ಪಾರ್ಕ್. ಅದರ 17ನೇ ಹೋಲಿನಿಂದ ಗೋಲ್ಡನ್ ಗೇಟ್ ಸೇತುವೆ ಕಾಣುತ್ತದೆ, ನೆಲದ ಆರೈಕೆಯನ್ನು ಕೇಳಬೇಡಿ.

ಪೆಬಲ್ ಬೀಚ್? ಸಮುದ್ರದ ಪಕ್ಕದ ಆ ಹೆಸರಾಂತ ಕೋರ್ಸೂ ಸಾರ್ವಜನಿಕವೇ, ಆದರೆ ಒಂದು ಆಟಕ್ಕೆ 600 ಡಾಲರ್ ದಾಟುತ್ತದೆ. ಅದನ್ನು ವಿನ್ಯಾಸ ಮಾಡಿದ ಇಬ್ಬರಲ್ಲಿ ಜ್ಯಾಕ್ ನೆವಿಲ್ ಒಬ್ಬರು. ಅಲ್ಲಿಂದ ಸ್ವಲ್ಪ ದೂರದ ಪಸಿಫಿಕ್ ಗ್ರೋವ್ ಊರಿನ ಮುನಿಸಿಪಲ್ ಕೋರ್ಸಿನ ಎರಡನೇ ಒಂಬತ್ತು ಹೋಲು ಅವರೇ 1960ರಲ್ಲಿ ಮಾಡಿದ್ದು. ಮೊದಲ ಒಂಬತ್ತು ಮನೆಗಳ ನಡುವೆ ಸುಮ್ನೆ ಹೋಗುತ್ತವೆ, ಬೇಸರ ಪಡಬೇಡಿ. ಆಮೇಲಿನ ಒಂಬತ್ತು ಲೈಟ್‌ಹೌಸ್ ಸುತ್ತ, ಮರಳ ದಿಬ್ಬಗಳ ಮಧ್ಯೆ, ಸಮುದ್ರದ ಪಕ್ಕ. ಜಿಂಕೆಗಳು ಫೇರ್‌ವೇಯಲ್ಲೇ ಮಲಗಿರುತ್ತವೆ, ಕದಲುವುದಿಲ್ಲ. ಚೆಂಡು ಐಸ್ ಪ್ಲಾಂಟ್ ಅನ್ನುವ ದಪ್ಪ ಎಲೆಯ ಬಳ್ಳಿಗೆ ಬಿದ್ದರೆ ಅಲ್ಲಿಂದ ಹೊಡೆಯಲು ಹೋಗಬೇಡಿ, ಮಣಿಕಟ್ಟು ಉಳುಕುತ್ತದೆ. ಒಂದು ಹೊಡೆತ ದಂಡ ಹಾಕಿಕೊಂಡು ಚೆಂಡನ್ನು ಹೊರಗೆ ಡ್ರಾಪ್ ಮಾಡಿ, ಅಂದರೆ ಕೈಯಿಂದ ಬಿಟ್ಟು ಅಲ್ಲಿಂದ ಆಡಿ.